ಸ್ವರಚಿಹ್ನೆಗಳ ನಾಮಕರಣ

ಹೆಸರಿಡುವ ಕೆಲಸಕ್ಕೆ ನನ್ನಷ್ಟು ಅಯೋಗ್ಯ ಮನುಷ್ಯ ಉಡುಪಿ ಸೀಮೆಯಲ್ಲಿ ಬೇರೊಬ್ಬ ಇರಲಿಕ್ಕಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಕೊನೆಯವರೆಗೂ "ಹೋಯ್" ಎಂದೇ ಕರೆದವನು ನಾನು. ಅವಳು ನನ್ನನ್ನು ಕರೆಯುತ್ತಿದ್ದುದೂ ಹಾಗೆಯೇ. ಅಲೆವೂರಿನ ನಮ್ಮ ಮನೆಯಲ್ಲಿ ಇದ್ದದ್ದೇ ಎರಡು ಹೋಯ್. ಕರೆದದ್ದು ಯಾರನ್ನು ಎಂಬ ಗೊಂದಲ ಒಮ್ಮೆಯೂ ಬರಲಿಲ್ಲ. ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಆ ಶಬ್ದಕ್ಕೆ ಕೆಲಸವಿಲ್ಲ.

ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾಗಿದ್ದ ನನ್ನನ್ನು ಮಣಿಪಾಲದ ಒಂದು ಸಣ್ಣ ಕಚೇರಿಯವರು ಕರೆದರು. ಸಂಗೀತದ ಸ್ವರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಪುಸ್ತಕದಂತೆ ಅಚ್ಚು ಮಾಡುವ ಸಾಫ್ಟ್‌ವೇರ್ ಅವರದು. ಅದರಲ್ಲಿನ ಚುಕ್ಕಿ, ಗೆರೆ, ಅಲ್ಪವಿರಾಮಗಳಿಗೆಲ್ಲ ಕನ್ನಡದ ಹೆಸರು ಬೇಕಿತ್ತು. ಸುಮ್ಮನೆ ಕುಳಿತರೆ ಮನಸ್ಸು ಕೆಡುತ್ತದೆ ಎಂದು ನೆರೆಯವರೂ ಹೇಳಿದರು. ಹೋದೆ. ಸ್ವರವನ್ನು ಒಂದಕ್ಷರದಷ್ಟು ಎಳೆಯುವ ಅಲ್ಪವಿರಾಮಕ್ಕೆ 'ಏಕಾಕ್ಷರಕಾಲ ವಿಸ್ತರಣ ಸೂಚಕ' ಎಂದೂ, ತಾಳದ ಸುತ್ತು ಮುಗಿಯುವಲ್ಲಿ ಬರುವ ಜೋಡಿಗೆರೆಗೆ 'ಆವರ್ತನ ಪರಿಸಮಾಪ್ತಿ ದ್ವಿರೇಖೆ' ಎಂದೂ ಇಟ್ಟೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಹೆಸರು ಪರದೆಯ ಗುಂಡಿಯೊಳಗೆ ಹಿಡಿಸದೆ ಅರ್ಧಕ್ಕೆ ತುಂಡಾಗುತ್ತಿತ್ತು, ಅಷ್ಟೆ.

ಪರೀಕ್ಷಿಸಲು ಕಾರ್ಕಳದಿಂದ ವನಜಾ ಬಂದಳು. ನನ್ನ ಹೆಂಡತಿಯ ಬಳಿ ಸಂಗೀತ ಕಲಿತು, ಈಗ ತಾನೂ ಪಾಠ ಹೇಳುವವಳು. ಅವಳಿಗೂ ತಿಳಿಯದಿದ್ದರೆ ಕನ್ನಡವನ್ನು ತೆಗೆದು ಇಂಗ್ಲಿಷನ್ನೇ ಇಡುವುದೆಂದು ಕಚೇರಿಯ ಯಜಮಾನ ಪ್ರಸಾದ ಮೊದಲೇ ಹೇಳಿದ್ದ. ವನಜಾ ಜೋಡಿಗೆರೆಯನ್ನು ಹುಡುಕಿ ಹುಡುಕಿ ಸೋತಳು.

"ಇದು ಎಂತ ಸರ್, ಶ್ರಾದ್ಧದ ಸಂಕಲ್ಪವಾ? ನಮ್ಮ ಟೀಚರ್ ಇದಕ್ಕೆ 'ಮನೆ ಮುಟ್ಟಿತು' ಅಂತ ಹೇಳ್ತಿದ್ದರು. ನಿಮಗೆ ಗೊತ್ತುಂಟಲ್ವಾ?"

ಗೊತ್ತಿಲ್ಲದೆ ಏನು! ಜಗಲಿಯಲ್ಲಿ ಪಾಠ ನಡೆಯುವಾಗ ಒಳಗೆ ಪತ್ರಿಕೆ ಹಿಡಿದು, ಕೇಳದವನಂತೆ ಕೇಳುತ್ತಿದ್ದವನಲ್ಲವೇ ನಾನು. ಅಲ್ಪವಿರಾಮಕ್ಕೆ ನನ್ನ ಹೆಂಡತಿಯ ಮಾತು 'ಅಲ್ಲೇ ಇರು'. ಸ್ವರವನ್ನು ತೂಗಿಸುವ ಅಲೆಗೆರೆಗೆ 'ತೊಟ್ಟಿಲು'. ಒಂದೊಂದಾಗಿ ಹೇಳಿದೆ, ಪ್ರಸಾದ ಹಾಕುತ್ತಾ ಹೋದ. ಎಲ್ಲವೂ ಗುಂಡಿಯೊಳಗೆ ಹಿಡಿಸಿದವು. ವನಜಾ ಯಾರನ್ನೂ ಕೇಳದೆ ಒಂದು ಗೀತೆಯನ್ನು ಪೂರ್ತಿ ಜೋಡಿಸಿಬಿಟ್ಟಳು. ಕನ್ನಡ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಹೋದವಳು ನನಗೊಂದು ಉದ್ಯೋಗವನ್ನೂ ಇಟ್ಟು ಹೋಗಿದ್ದಳು. ಅವಳ ಉಪಕಾರಗಳು ಹೀಗೆಯೇ, ಹೇಳದೆ ಕೇಳದೆ.

ಹೆಸರು ಕೊಟ್ಟವರ ಹೆಸರನ್ನು ಮೊದಲ ಪುಟದಲ್ಲಿ ಹಾಕಬೇಕೆಂದು ಪ್ರಸಾದ ಹೇಳಿದ. ನಮ್ಮ ಮನೆಯವಳು ಎಂದೆ. "ಹಾಗೆ ಹಾಕಲಿಕ್ಕೆ ಆಗುವುದಿಲ್ಲ ಸರ್, ಹೆಸರು ಹೇಳಿ."

ವನಜಾ ನನ್ನ ಮುಖ ನೋಡಿದಳು. ಹೆಸರು ಗೊತ್ತಿದ್ದವಳು, ನನಗೇ ಬಿಟ್ಟಳು.

"ಶಾರದಾ" ಎಂದೆ.

ಕಾಗುಣಿತ ಸರಿಯುಂಟಾ ನೋಡಿ ಎಂದು ಪ್ರಸಾದ ಪರದೆಯನ್ನು ನನ್ನ ಕಡೆ ತಿರುಗಿಸಿದ. ಕನ್ನಡಕ ಒರೆಸಿಕೊಂಡೆ, ಮತ್ತೊಮ್ಮೆ ಒರೆಸಿಕೊಂಡೆ. ಸರಿಯುಂಟು ಎಂದುಬಿಟ್ಟೆ. ಜೀವಮಾನದಲ್ಲಿ ನಾನು ಓದದೆ ಒಪ್ಪಿದ ಕರಡು ಅದೊಂದೇ.