ಬಸ್ಸು ಬರುವ ತನಕ ದೊಡ್ಡಪ್ಪ

ಫೋನು ಬಂದಾಗ ಮಹದೇವಸ್ವಾಮಿ ಹೊಸ ಟೋಪಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಅಗಲವಾದ ಅಂಚಿನ ಹುಲ್ಲಿನ ಟೋಪಿ. ಸಮುದ್ರದ ದಂಡೆಯಲ್ಲಿ ಎಲ್ಲರೂ ಇಂಥದ್ದೇ ಹಾಕಿಕೊಳ್ಳುತ್ತಾರೆಂದು ಮಗಳು ನಯನಾ ಹೇಳಿ ಕೊಡಿಸಿದ್ದಳು. ಕನ್ನಡಿಯಲ್ಲಿ ಮಾತ್ರ ಅವನು, ಸುಗ್ಗಿ ಮುಗಿದ ಮೇಲೂ ಹೊಲದಲ್ಲಿ ಮರೆತುಬಿಟ್ಟ ಬೆರ್ಚಪ್ಪನ ಹಾಗೆ ಕಾಣುತ್ತಿದ್ದ.

"ಅಣ್ಣ, ಅಪ್ಪ ಹೊಂಟೋಯ್ತಾ ಅವ್ರೆ. ಬೇಗ ಬಾ," ಅಂದ ಫೋನಿನಲ್ಲಿ ಸಿದ್ದು. ನಜರ್‌ಬಾದಿನ ದೊಡ್ಡಪ್ಪ ಸಣ್ಣಮಾದಯ್ಯನ ಮಗ.

ಮಹದೇವಸ್ವಾಮಿ ಟೋಪಿ ತೆಗೆದ. "ಇವತ್ತೇನಾ?"

"ಅದನ್ನೂ ಕ್ಯಾಲೆಂಡರ್ ನೋಡ್ಕೊಂಡು ಮಾಡ್ತಾರಾ ಅಣ್ಣ?"

ಮಹದೇವಸ್ವಾಮಿ ಸಮುದ್ರ ನೋಡಿರಲಿಲ್ಲ. ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆ, ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದಿಡುವ ಕೆಲಸ, ಭಾನುವಾರ ಕುಕ್ಕರಹಳ್ಳಿ ಕೆರೆ. ನೀರೆಂದರೆ ಅವನಿಗೆ ಇಷ್ಟೇ. ಹಾಗಂತ ಹೊರಡದೆ ಕೂತವನಲ್ಲ. ಮದುವೆಯಾದ ಹೊಸದರಲ್ಲಿ ಮಲ್ಪೆಗೆ ಹೊರಟಾಗ ಅಜ್ಜಿ ತೀರಿಕೊಂಡಳು. ಮಗಳು ಶಾಲೆಗೆ ಸೇರಿದ ವರ್ಷ ಗೋಕರ್ಣಕ್ಕೆ ಹೊರಟಾಗ ಚಿಕ್ಕಪ್ಪ. ಸಹೋದ್ಯೋಗಿಗಳ ಜೊತೆ ಕಾರವಾರಕ್ಕೆ ಹೊರಟಾಗ, ಯಾರೆಂದು ಅವನಿಗೇ ಸರಿಯಾಗಿ ಗೊತ್ತಿಲ್ಲದ ಒಬ್ಬ ದಾಯಾದಿ. ಪ್ರತಿ ಸಲವೂ ಸೂತಕ, ಪ್ರತಿ ಸಲವೂ ಬ್ಯಾಗು ಮತ್ತೆ ಅಟ್ಟಕ್ಕೆ. ಕೊನೆಕೊನೆಗೆ ಅವನು ರಜೆ ಹಾಕಿದನೆಂದರೆ ಸಾಕು, ದಾಯಾದಿಗಳಲ್ಲಿ ವಯಸ್ಸಾದವರು ಹೋಗಿ ಬಿ.ಪಿ. ನೋಡಿಸಿಕೊಳ್ಳುತ್ತಿದ್ದರು.

ಅದಕ್ಕೇ ಈ ಸಲ ಯಾರಿಗೂ ಹೇಳಿರಲಿಲ್ಲ. ಟೂರ್ ಬಸ್ಸಿನಲ್ಲಿ ಮೂರು ಸೀಟು. ಕಾಪುವಿನ ದೀಪಸ್ತಂಭ, ಬಾರ್ಕೂರಿನ ಹಳೆಯ ಬಸದಿ, ಮಲ್ಪೆಯ ಆಚೆಯ ದ್ವೀಪ, ಮಿರ್ಜಾನ್ ಕೋಟೆ. ಹೊರಡುವುದು ಇವತ್ತು ಸಂಜೆ ಐದಕ್ಕೆ.

"ನೀವು ಬ್ಯಾಗಿನ ಜಿಪ್ ಎಳೆದ್ರೆ ಸಾಕು, ಎಲ್ಲೋ ಒಬ್ರಿಗೆ ಉಸಿರು ಕಟ್ಟತ್ತೆ," ಅಂದಳು ಹೆಂಡತಿ ಅನುಪಮಾ.

"ಇನ್ನೂ ಹೋಗಿಲ್ಲ ಕಣೇ. ಸಂಜೆವರೆಗೂ ಉಳಿಸ್ಕೊಂಡ್ರೆ ಆಯ್ತು. ಬಸ್ಸು ಹತ್ತಿದ ಮೇಲೆ ಫೋನ್ ಆಫ್. ಸುದ್ದಿ ಕಿವಿಗೆ ಬಿದ್ಮೇಲೆ ತಾನೇ ಸೂತಕ? ನೀವಿಬ್ರೂ ಬ್ಯಾಗ್ ತಗೊಂಡು ನಜರ್‌ಬಾದಿಗೇ ಬಂದ್ಬಿಡಿ. ಬಸ್ಸು ಅಲ್ಲೂ ನಿಲ್ಲತ್ತೆ."

ಹೇಳಿ ಮುಗಿಸಿದ ಮೇಲೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಸ್ಕೂಟರಿನ ಕೀಲಿ ತೆಗೆದುಕೊಂಡ.

ದೊಡ್ಡಪ್ಪನ ಮನೆಯ ನಡುಮನೆಯಲ್ಲಿ ಅರ್ಧ ಬೀದಿ ಸೇರಿತ್ತು. ಗೋಡೆಯ ಮೇಲಿನ ಪಟದಲ್ಲಿ ಬುದ್ಧ ಅರ್ಧ ಕಣ್ಣು ಮುಚ್ಚಿಕೊಂಡಿದ್ದ. ಮಂಚದ ಮೇಲೆ ದೊಡ್ಡಪ್ಪ ಪೂರ್ತಿ ಮುಚ್ಚಿಕೊಂಡಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಬೋಗಿ ರಿಪೇರಿ ಮಾಡಿದ ಮನುಷ್ಯ. ದೇಶವೆಲ್ಲ ಸುತ್ತಲು ಪಾಸಿದ್ದೂ ಅರಸೀಕೆರೆ ದಾಟಿದವರಲ್ಲ. ತಲೆದಿಂಬಿನ ಬಳಿ ದೊಡ್ಡವ್ವ ಮುದ್ದಮ್ಮ ಬೀಸಣಿಗೆ ಹಿಡಿದು ಕೂತಿದ್ದಳು. ಕಾಲ ಬಳಿ ಪಕ್ಕದ ಮನೆಯ ಚೆಲುವಮ್ಮ. ಆ ಬೀದಿಯಲ್ಲಿ ಚೆಲುವಮ್ಮ ಬಂದು ಕಾಲ್ಬೆರಳು ಮುಟ್ಟಿ ನೋಡದೆ ಯಾರೂ ಸತ್ತದ್ದಿಲ್ಲ.

"ಮಂಜುಗಡ್ಡೆ ಆಗವೆ ಕಣಪ್ಪ, ಮುಟ್ಟಿ ನೋಡು," ಅಂದಳು ಚೆಲುವಮ್ಮ.

ಅವನು ಮುಟ್ಟಿದ. ನಿಜವಾಗಿಯೂ ಆಗ ತಾನೇ ಫ್ರಿಜ್ಜಿನಿಂದ ತೆಗೆದ ಬೆಂಡೆಕಾಯಿಗಳ ಹಾಗಿದ್ದವು.

"ಡಾಕ್ಟ್ರು ಏನಂದ್ರು?"

"ನಾಡಿ ಚೆನ್ನಾಗೈತೆ ಅಂದ್ಬುಟ್ಟು ಹೋದ," ಅಂದಳು ಚೆಲುವಮ್ಮ ತಾತ್ಸಾರದಿಂದ. "ಅವ್ನಿಗೇನ್ ಗೊತ್ತು? ಕಡೇಗಾಲಕ್ಕೆ ನಾಡಿ ಹಿಂಗೇ ಕುದುರೆ ಓಡ್ದಂಗೆ ಓಡೋದು. ನಮ್ ಯಜಮಾನ್ರಿಗೂ ಹಿಂಗೇ ಆಗಿದ್ದು. ನೀನು ಬಂದಿದ್ದು ಒಳ್ಳೇದಾಯ್ತು. ಹಾಲು ಬುಡು."

ಮಹದೇವಸ್ವಾಮಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವರ ಮನೆತನದಲ್ಲಿ ಹೋಗುವ ಜೀವಕ್ಕೆ ಮೊದಲ ಗುಟುಕು ಹಾಲು ಬಿಡುವುದು ಕಿರಿಯ ತಲೆಮಾರಿನ ಹಿರಿಯ ಗಂಡುಮಗ. ಅಂದರೆ ಅವನೇ. ಹಾಲು ಬಿದ್ದ ಮೇಲೆ ಜೀವ ಋಣ ಹರಿಯಿತೆಂದು ನೆಮ್ಮದಿಯಾಗಿ ಹೊರಡುತ್ತದೆ ಎಂಬುದು ಎಲ್ಲರ ನಂಬಿಕೆ. ಅಜ್ಜಿ, ಚಿಕ್ಕಪ್ಪ ಇಬ್ಬರೂ ಅವನ ಕೈಯಿಂದಲೇ ಕುಡಿದು ಹಾಗೇ ಹೊರಟಿದ್ದರು.

"ಇಷ್ಟು ಬೇಗಾನಾ? ಹತ್ರದೋರೆಲ್ಲ ಬರ್ಲಿ," ಅಂದ.

"ಎಲ್ರಿಗೂ ಹೇಳಾಯ್ತು," ಅಂದ ಸಿದ್ದು. ಅವನಿಗೆ ಲಗೇಜ್ ಆಟೋ ಇತ್ತು. ಯಾವ ಕೆಲಸವಾದರೂ ಮುಂಗಡವಾಗಿ ಮುಗಿಸಿಬಿಡುವ ಚಟವೂ ಇತ್ತು. "ಶಾಮಿಯಾನಾನೂ ಬುಕ್ ಮಾಡ್ಬುಟ್ಟೆ. ಮದುವೆ ಸೀಸನ್ನು, ಆಮೇಲೆ ಸಿಗಲ್ಲ."

ಮಂಚದ ಮೇಲೆ ದೊಡ್ಡಪ್ಪನ ಹುಬ್ಬು ಸ್ವಲ್ಪ ಅಲುಗಿತು. ಯಾರೂ ಗಮನಿಸಲಿಲ್ಲ.

ಮಹದೇವಸ್ವಾಮಿ ಒಳಗೆ ಹೋಗಿ ಪ್ಯಾಕೆಟ್ ಹಾಲನ್ನು ಹುಡುಕುವ ಹಾಗೆ ಮಾಡಿ, ಕಂಡರೂ ಕಾಣದವನಂತೆ ತಿರುಗಿ ಬಂದ. "ಪ್ಯಾಕೆಟ್ ಹಾಲು ದೊಡ್ಡಪ್ಪಂಗೆ ಆಗ್ಬರಲ್ಲ. ಹಸುವಿನ ಹಾಲೇ ಕರೆಸ್ಕೊಂಡು ತರ್ತೀನಿ."

ಚೆಲುವಮ್ಮ ಮೊದಲ ಬಾರಿಗೆ ಅವನನ್ನು ಮೆಚ್ಚುಗೆಯಿಂದ ನೋಡಿದಳು. "ಅದು ಮಾತು! ಕರೆದ ಬಿಸಿ ಆರಿರ್ಬಾರ್ದು."

ಚೊಂಬು ಹಿಡಿದು ಅವನು ನಜರ್‌ಬಾದಿನ ಗಲ್ಲಿಗಲ್ಲಿ ತಿರುಗಿದ. ಹಸು ಸಿಗಬಾರದೆಂದು ಹುಡುಕಿದ. ಮೊದಲ ತಿರುವಿನಲ್ಲೇ ಒಂದು ಹಸು ಎದುರಿಗೆ ಬಂದು ನಿಂತು, ಅವನನ್ನೂ ಚೊಂಬನ್ನೂ ಕರುಣೆಯಿಂದ ನೋಡಿತು. ಅವನು ಮುಖ ತಿರುಗಿಸಿಕೊಂಡು ನಡೆದ. ಮಧ್ಯಾಹ್ನವಾಗುವ ತನಕ ಒಂದು ಟೀ ಅಂಗಡಿಯ ಹಿಂದೆ ಕೂತ. ದೂರದಲ್ಲಿ ಚಾಮುಂಡಿ ಬೆಟ್ಟ ಬಿಸಿಲಿನಲ್ಲಿ ಒಣಗುತ್ತಿತ್ತು. ಒಬ್ಬ ಮನುಷ್ಯ ಸಾಯುವುದನ್ನು ಮುಂದೂಡಲು ಹೀಗೆ ಅಡಗಿ ಕೂತಿರುವುದು ಪ್ರೀತಿಯ ಹಾಗೇ ಕಾಣಿಸಬಹುದು, ಹೊರಗಿನಿಂದ ನೋಡಿದರೆ, ಅಂತ ಅವನಿಗೆ ಅನ್ನಿಸಿತು. ಒಳಗಿನಿಂದ ನೋಡಿದರೆ ಬರೀ ಬಸ್ಸು.

ಕೊನೆಗೆ ಸಿದ್ದುವೇ ಆಟೋದಲ್ಲಿ ಹುಡುಕಿಕೊಂಡು ಬಂದ, ಆ ಕರುಣೆಯ ಹಸುವಿನ ಹಾಲನ್ನೇ ಚೊಂಬಿಗೆ ಕರೆಸಿದ, ಅಣ್ಣನನ್ನು ಹಿಂದೆ ಹತ್ತಿಸಿಕೊಂಡು ಹೊರಟ.

ಇನ್ನು ದಾರಿಯಿರಲಿಲ್ಲ. "ಎರಡು ನಿಮಿಷ ದೊಡ್ಡಪ್ಪನ ಹತ್ರ ಒಬ್ನೇ ಮಾತಾಡ್ತೀನಿ," ಅಂದ ಮಹದೇವಸ್ವಾಮಿ. ಅವನ ಕಣ್ಣು ತುಂಬಿದ್ದನ್ನು ಕಂಡು ಎಲ್ಲರೂ ಹೊರಗೆ ಹೋದರು. ಚೆಲುವಮ್ಮ ಬಾಗಿಲ ತನಕ ಮಾತ್ರ ಹೋದಳು.

ಅವನು ದೊಡ್ಡಪ್ಪನ ಕಿವಿಯ ಬಳಿ ಬಗ್ಗಿದ. "ದೊಡ್ಡಪ್ಪ, ಐದು ಗಂಟೆವರ್ಗೂ ಇರಿ. ದಮ್ಮಯ್ಯ ಅಂತೀನಿ. ಈ ಸಲವಾದ್ರೂ ಸಮುದ್ರ ನೋಡ್ಬೇಕು. ಮಗಳು ಆಸೆ ಇಟ್ಕೊಂಡವಳೆ. ಕಾಪುನಲ್ಲಿ ಬಂಡೆ ಮೇಲೆ ದೀಪಸ್ತಂಭ ಐತಂತೆ, ಮೇಲೆ ಹತ್ತಿದ್ರೆ ನೀರು ಮುಗಿಯೋದೇ ಇಲ್ವಂತೆ."

ತುಟಿ ಅಲುಗಿತು. "ಆಮೇಲೆ?"

ಮಹದೇವಸ್ವಾಮಿ ಹೆದರಿ ಹಿಂದೆ ಸರಿದ. ಆಮೇಲೆ ಆಸೆ ಚಿಗುರಿತು. ಮಾತು ನಿಲ್ಲಿಸಿದರೆ ಉಸಿರೂ ನಿಂತೀತೆಂಬಂತೆ ಹೇಳತೊಡಗಿದ. ಬಾರ್ಕೂರಿನಲ್ಲಿ ರಾಜರಿದ್ದರಂತೆ, ಈಗ ಕಲ್ಲಿನ ಕಂಬ ಮಾತ್ರವಂತೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಒಂದು ದ್ವೀಪವಂತೆ, ಅಲ್ಲಿನ ಬಂಡೆಗಳೆಲ್ಲ ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗಂತೆ. ಮಿರ್ಜಾನಿನಲ್ಲಿ ಕೋಟೆಯ ಗೋಡೆಗೇ ಪಾಚಿಯಂತೆ.

"ಸಮುದ್ರ ಎಡಕ್ಕೆ ಬತ್ತದೋ ಬಲಕ್ಕೋ?" ದೊಡ್ಡಪ್ಪ ಒಂದು ಕಣ್ಣು ತೆರೆದರು.

"ಮಂಗಳೂರು ದಾಟಿ ಹೋಗ್ತಾ ಎಡಕ್ಕೆ ದೊಡ್ಡಪ್ಪ."

ದೊಡ್ಡಪ್ಪ ಇನ್ನೊಂದು ಕಣ್ಣನ್ನೂ ತೆರೆದರು. ಚೊಂಬಿಗೆ ಕೈ ಚಾಚಿದರು. ಗುಟುಕು ಬಿಡಬೇಕಿದ್ದ ಹಾಲನ್ನು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಎದ್ದು ಕೂತರು.

"ಎದ್ಬುಟ್ರು ಕಣ್ರೋ!" ಎಂದು ಚೆಲುವಮ್ಮ ಕೂಗಿದ ದನಿಯಲ್ಲಿ ಸಂತೋಷಕ್ಕಿಂತ ಅವಮಾನ ಹೆಚ್ಚಿತ್ತು. ಜನ ಒಳಗೆ ನುಗ್ಗಿದರು. ಸಿದ್ದು ಅಪ್ಪನ ಕಾಲು ಹಿಡಿದು ಅತ್ತ. ಅಳುತ್ತಲೇ ಶಾಮಿಯಾನದವನಿಗೆ ಫೋನು ಮಾಡಿದ. ಅವನು ಆಗಲೇ ಹೊರಟಾಗಿತ್ತಂತೆ.

ಮಹದೇವಸ್ವಾಮಿ ಗಡಿಯಾರ ನೋಡಿದ. ಇನ್ನೂ ಸಮಯವಿತ್ತು. ಎಷ್ಟೋ ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಬೋಗಿಯೊಂದು ಎದ್ದು ಹೋದಂತಾಯಿತು. ಅದೇ ಹೊತ್ತಿಗೆ ಅನುಪಮಾ, ನಯನಾ ಬ್ಯಾಗುಗಳೊಂದಿಗೆ ಆಟೋದಿಂದ ಇಳಿದರು. ನಯನಾಳ ಕೈಯಲ್ಲಿ ಟೋಪಿ.

ದೊಡ್ಡಪ್ಪ ಬ್ಯಾಗುಗಳನ್ನು ನೋಡಿದರು. ಆಮೇಲೆ ಸೂರನ್ನು ನೋಡಿದರು. "ಯಮದೂತರು ಬಾಗ್ಲವರ್ಗೂ ಬಂದಿದ್ರು ಕಣ್ರಪ್ಪ. ಮಗ ಸಮುದ್ರದ ಮಾತು ಹೇಳ್ದ, ಅವ್ರೂ ಕೇಳ್ತಾ ನಿಂತ್ಬುಟ್ರು. ನೋಡ್ಕೊಂಡು ಬಾ, ಆಮೇಲೆ ಹೋಗಾಣ ಅಂದ್ರು."

ನೆರೆದವರೆಲ್ಲ ಬಾಗಿಲ ಕಡೆ ತಿರುಗಿ ನೋಡಿದರು.

"ಕೊನೇ ಆಸೆ," ಅಂದಳು ಚೆಲುವಮ್ಮ, ಮತ್ತೆ ತನ್ನ ಅಧಿಕಾರಕ್ಕೆ ಮರಳುತ್ತ. "ತೀರಿಸ್ದೆ ಇದ್ರೆ ಜೀವ ನಿಮ್ ಮನೆ ಬಾಗ್ಲಲ್ಲೇ ನಿಂತ್ಕತದೆ, ನೋಡ್ಕ."

"ಸೀಟಿಲ್ಲ," ಅಂದ ಮಹದೇವಸ್ವಾಮಿ. "ಬಸ್ಸು ಫುಲ್ಲು. ಇರೋದೇ ಮೂರು."

ಎಲ್ಲರೂ ಮೂರು ಜನರನ್ನು ನೋಡಿದರು. ನಯನಾ ಟೋಪಿಯನ್ನು ಎದೆಗವಚಿಕೊಂಡಳು. ಅನುಪಮಾ ಒಂದು ಕ್ಷಣ ಯೋಚಿಸಿದಳು. ಮದುವೆಯಾದಾಗಿನಿಂದ ಅವಳು ಇಷ್ಟು ಸ್ಪಷ್ಟವಾಗಿ ಯಾವುದನ್ನೂ ಯೋಚಿಸಿರಲಿಲ್ಲ.

"ರೀ, ಬೇಜಾರು ಮಾಡ್ಕೋಬೇಡಿ. ನೀವು ಹೊರಟಾಗೆಲ್ಲ ಒಬ್ರು ಹೋಗ್ತಾರೆ. ಇವತ್ತು ಇವ್ರು ಉಳ್ಕೊಂಡ್ರು, ಸರಿ. ನೀವು ಬಸ್ಸು ಹತ್ತಿದ್ರೆ ಇನ್ಯಾರೋ? ನೀವು ಇಲ್ಲೇ ಇದ್ರೆ ಎಲ್ರಿಗೂ ಕ್ಷೇಮ. ಮಾವನ್ನ ನಾನು ನೋಡ್ಕೋತೀನಿ."

"ಸರಿಯಾಗಿ ಹೇಳ್ದೆ ಕಣಮ್ಮ," ಅಂದರು ನೆರೆದವರಲ್ಲಿ ವಯಸ್ಸಾದವರೆಲ್ಲ ಒಟ್ಟಾಗಿ.

ಐದು ಗಂಟೆಗೆ ಬಸ್ಸು ಹೊರಟಿತು. ಎಡಗಡೆಯ ಕಿಟಕಿಯೇ ಬೇಕೆಂದು ಹಟ ಹಿಡಿದ ದೊಡ್ಡಪ್ಪ ಅಲ್ಲೇ ಕೂತು ಕೈ ಬೀಸಿದರು. ತಲೆಯ ಮೇಲೆ ಹುಲ್ಲಿನ ಟೋಪಿ. ಅವರಿಗೆ ಅದು ಒಪ್ಪುತ್ತಿತ್ತು; ಅದೇ ಮಹದೇವಸ್ವಾಮಿಗೆ ಹೆಚ್ಚು ನೋವು ಕೊಟ್ಟಿತು.

ಅವನು ತಿರುಗಿ ಬರುವಷ್ಟರಲ್ಲಿ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಕೆಳಗೆ ಸಾಲಾಗಿ ಕೆಂಪು ಕುರ್ಚಿಗಳು. ಬರುವವರಿಗೆ ಮುಖ ತೋರಿಸಲಾರದೆ ಸಿದ್ದು ಆಟೋ ಹತ್ತಿ ಮಾಯವಾಗಿದ್ದ. ನಂಜನಗೂಡಿನ ಕಾಳಯ್ಯಮಾವ ಅಷ್ಟು ದೊಡ್ಡ ಚೆಂಡುಹೂವಿನ ಹಾರ ಹೊತ್ತು, ಬಾಯಿಗೆ ಟವೆಲ್ ಒತ್ತಿಕೊಂಡು ಬಂದರು.

"ಎಲ್ಲಪ್ಪಾ ಬಾವ?"

"ಮಲ್ಪೆಗೆ ಹೋದ್ರು."

"ಅಷ್ಟು ದೂರ ಯಾಕೋ? ಇಲ್ಲಿ ಮಣ್ಣಿರ್ಲಿಲ್ವಾ?"

ವಿಷಯ ತಿಳಿದ ಮೇಲೆ ಕಾಳಯ್ಯಮಾವನಿಗೆ ರೇಗಿತು. ರಜೆ ಹಾಕಿ ಬಂದಿದ್ದರು, ಬಸ್ಸಿನಲ್ಲಿ ಅತ್ತುಕೊಂಡೂ ಬಂದಿದ್ದರು. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಮಹದೇವಸ್ವಾಮಿಯ ತೊಡೆಯ ಮೇಲಿಟ್ಟು ಹೊರಟುಹೋದರು.

ಕತ್ತಲಾಗುತ್ತಿತ್ತು. ಮುದ್ದಮ್ಮ ಕಾಫಿ ತಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಬೆಳಗಿನಿಂದ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ದೊಡ್ಡವ್ವ, ಅವ್ರಿಗೆ ಚಳಿಯಾದ್ರೆ? ಬಟ್ಟೆಬರೆ ಏನೂ ತಗೊಂಡೋಗ್ಲಿಲ್ಲ."

"ತಗೊಂಡೋದ್ರು ಕಣ್ ಮಗ. ಸ್ವೆಟ್ರು, ಟವೆಲ್ಲು, ಮಾತ್ರೆ, ಎಲ್ಲಾ ಚೀಲದಲ್ಲೈತೆ. ಭಾನುವಾರವೇ ಕಟ್ಟಿ ಮಂಚದ ಕೆಳಗಿಟ್ಟಿದ್ರು."

ಮಹದೇವಸ್ವಾಮಿ ಕಾಫಿ ಲೋಟವನ್ನು ತುಟಿಯ ಬಳಿಯೇ ಹಿಡಿದು ಕೂತ. ಭಾನುವಾರ ನಯನಾ ಇಲ್ಲಿಗೆ ಬಂದಿದ್ದಳು. ತಾತನಿಗೆ ಹೊಸ ಟೋಪಿ ತೋರಿಸಿ ಬರುತ್ತೇನೆಂದು.

"ಮತ್ತೆ ಕಾಲು? ತಣ್ಣಗಿತ್ತಲ್ಲ?"

"ಹೊತ್ತಾರೆಯಿಂದ ತಣ್ಣೀರ್ ಬಕೇಟಲ್ಲಿ ಇಟ್ಕೊಂಡು ಕೂತಿದ್ರು. ಶೀತ ಆಯ್ತದೆ ಅಂದ್ರೂ ಕೇಳ್ಲಿಲ್ಲ. ಚೆಲುವಿ ಬೆರಳು ನೋಡ್ದೆ ಬುಡಲ್ಲ ಕಣೆ ಅಂದ್ರು."

"ಬಾಯಿಬಿಟ್ಟು ಕೇಳಿದ್ರೆ ಆಗ್ತಿರ್ಲಿಲ್ವಾ ದೊಡ್ಡವ್ವ?"

"ಕೇಳಿದ್ರೆ ಕರ್ಕೊಂಡೋಗ್ತಿದ್ಯಾ?"

ಮಹದೇವಸ್ವಾಮಿ ಖಾಲಿ ಕುರ್ಚಿಗಳನ್ನು ನೋಡಿದ. ಕೇಳಿದ್ದರೂ ಸೀಟಿಲ್ಲ ಎಂದೇ ಹೇಳುತ್ತಿದ್ದ, ಹೇಳಿಯೂ ಆಗಿತ್ತು. ಮುದ್ದಮ್ಮ ಅವನ ತೊಡೆಯ ಮೇಲಿನ ಹಾರದಿಂದ ಒಂದು ಹೂ ಕಿತ್ತು ಮುಡಿಗಿಟ್ಟುಕೊಂಡಳು.

"ಮುಂದಿನ ರಜಾ ಯಾವಾಗ ಮಗ?"

"ಯಾಕೆ?"

"ಸುಮ್ನೆ ಕೇಳ್ದೆ. ನಾನೂ ನೋಡಿಲ್ವಲ್ಲ."

ಅವಳು ಎದ್ದು ಅಂಗಳದ ನಲ್ಲಿಯ ಕಡೆಗೆ ಹೋದಳು. ಬಕೇಟು ತುಂಬುವ ಸದ್ದು ಕೇಳಿಸಿತು. ಆಮೇಲೆ, ಸೀರೆಯ ನಿರಿಗೆ ಎತ್ತಿ ಹಿಡಿದು, ಮುದ್ದಮ್ಮ ಒಂದೊಂದೇ ಕಾಲನ್ನು ನೀರಿಗಿಟ್ಟಳು.

"ಎಷ್ಟೊತ್ತಿಗೆ ತಣ್ಣಗಾಯ್ತವೆ ಅಂತ ನೋಡ್ತಾ ಇವ್ನಿ," ಅಂದಳು. "ನೀನು ಕಾಫಿ ಕುಡಿ, ಆರೋಯ್ತದೆ."