ಮಾವನ ನರಪರೀಕ್ಷೆ

ನಮ್ಮ ಸೋದರಮಾವನ ಎದುರಿಗೆ ಎಡವುವ ಹಕ್ಕು ಯಾರಿಗೂ ಇರಲಿಲ್ಲ! ಕೈಯಿಂದ ತಂಬಿಗೆ ಜಾರಿದರಂತೂ ಮುಗಿದೇ ಹೋಯಿತು. ಜಾರಿಸಿದವರು ಬೀಗರಾಗಲಿ, ಪೂಜೆಗೆ ಬಂದ ಸ್ವಾಮಿಗಳಾಗಲಿ, ಮಾವ ಎದ್ದು ಹೋಗಿ ಅವರ ಮುಖದ ಹತ್ತಿರ ತಮ್ಮ ಮುಖ ತಂದು, "ಒಮ್ಮೆ ನಗ್ರಿ. ಎರಡೂ ಕೈ ಮ್ಯಾಲೆ ಎತ್ತರಿ. ಈಗ ಹೆಸರು ಹೇಳ್ರಿ" ಎನ್ನುತ್ತಿದ್ದರು. ನಗು ನೆಟ್ಟಗಿದ್ದು, ಕೈಗಳು ಸಮನಾಗಿ ಎದ್ದು, ನಾಲಗೆ ತೊದಲದಿದ್ದರೆ ಬಿಡುಗಡೆ. ಇಲ್ಲದಿದ್ದರೆ, ದೇವರೇ ಗತಿ!

ಈ ವಿದ್ಯೆ ಅವರಿಗೆ ಬಂದದ್ದು ಬಳಿಚಕ್ರವೆಂಬ ಊರಿನ ಹತ್ತಿರ ಎತ್ತಿನ ಗಾಡಿಯಿಂದ ಬಿದ್ದದ್ದರಿಂದ. ಮೊಣಕೈ ಮುರಿಯಿತು, ಗಾಯ ಕೀವು ಕಟ್ಟಿತು. ಯಾದಗಿರಿಯ ದವಾಖಾನೆಯವರು ಕೈಚೆಲ್ಲಿ, ರೈಲು ಹತ್ತಿಸಿ ಹೈದರಾಬಾದಿಗೆ ಕಳಿಸಿದರು. ಅಲ್ಲಿ ಎಲುಬು ಮುರಿದವರ ಕೋಣೆಯಲ್ಲಿ ಜಾಗವಿರಲಿಲ್ಲವಂತೆ. ನರರೋಗದವರ ನಡುವೆ ಒಂದು ಮಂಚ ಕೊಟ್ಟರಂತೆ. ಮಾವನ ಎಡಕ್ಕೆ ಫಾಲಿಜ್, ಅಂದರೆ ಅರ್ಧ ಮೈ ಬಿದ್ದವನು. ಬಲಕ್ಕೆ ಲಕ್ವ, ಬರೀ ಮುಖ ಸೊಟ್ಟಾದವನು. ಎದುರಿಗೆ ಮಿರ್ಗಿ, ನಮ್ಮ ಮೂರ್ಛೆರೋಗ. ಬಾಗಿಲ ಬಳಿ ಕೈ ನಡುಗುವ ಒಬ್ಬ ಮುದುಕ. ದಿನಾ ಡಾಕ್ಟರು ಬಂದು ಇವರನ್ನೆಲ್ಲ ನಗಿಸಿ, ಕೈ ಎತ್ತಿಸಿ, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡುತ್ತಿದ್ದುದನ್ನು ಮಾವ ಬಾಯಿ ತೆರೆದು ನೋಡಿದರು. ರೋಗಿಯಾಗಿ ಹೋದವರು ಅರ್ಧ ಡಾಕ್ಟರಾಗಿ ಶಹಾಪುರಕ್ಕೆ ಮರಳಿದರು. ಉಳಿದರ್ಧ ಎಲ್ಲಿತ್ತೆಂದು ನಾವು ಕೊನೆಯವರೆಗೂ ಹುಡುಕಿದೆವು!

ಶಹಾಪುರದಲ್ಲಿ ಅವರದು ಕಂಬಳಿ ಅಂಗಡಿ. ಬೇಸಗೆಯಲ್ಲಿ ಕಂಬಳಿ ಕೊಳ್ಳುವ ಹುಚ್ಚ ಯಾರು? ಹೀಗಾಗಿ ವರ್ಷದ ಅರ್ಧ ಕಾಲ ಅವರಿಗೆ ಹಾದಿಹೋಕರ ನಡಿಗೆ ನೋಡುವುದೇ ಕೆಲಸ. "ತಲಿ ಬಲಗಡಿ ಕೆಟ್ಟರ ಎಡಗೈ ಬೀಳ್ತದ, ತಿಳೀತಿಲ್ಲೊ? ತಲಿಗೆ ಹೋಗೋ ರಕ್ತದ ದಾರಿ ಕಟ್ಟಿದರೂ ಹಂಗ, ಒಡೆದರೂ ಹಂಗ" ಎಂದು ಒಮ್ಮೆ ವನದುರ್ಗದಿಂದ ಕಂಬಳಿ ತಂದ ಕುರುಬರವನಿಗೆ ಪಾಠ ಹೇಳಿದರು.

ಅವನು ಕಂಬಳಿಯ ಗಂಟು ಕೆಳಗಿಳಿಸಿ, "ಹಂಗಾದ್ರ ನನ್ನ ಎಡಗಾಲಿಗೆ ಮುಳ್ಳು ಚುಚ್ಚಿದ್ರ ಬಲಗಿವಿ ಯಾಕ ನೋಯಾಂಗಿಲ್ರಿ?" ಎಂದ.

ಮಾವ ಆ ದಿನ ಅಂಗಡಿಯ ಬಾಗಿಲನ್ನು ಹೊತ್ತಿಗೆ ಮುಂಚೆ ಹಾಕಿದರು.

ನನಗೆ ತಾಯಿ ಇರಲಿಲ್ಲ. ಮದುವೆಯಾಗಿ ಸುರಪುರ ಸೇರಿದ ಮೇಲೆ ಮಾವನ ಮನೆಯೇ ನನ್ನ ತವರು. ಹಾಗೆ ತವರಿಗೆ ಬಂದಾಗಲೇ ಪಕ್ಕದ ಮನೆಯ ಹೊಸ ಸೊಸೆ ಕೊಡ ಇಳಿಸುವಾಗ ತುಸು ಓಲಾಡಿದ್ದು. ಮಾವ ಕಟ್ಟೆಯಿಂದ ಜಿಗಿದೇಬಿಟ್ಟರು. ನಗಿಸಿದರು, ಸರಿ. ಕೈ ಎತ್ತಿಸಿದರು, ಸರಿ. "ಈಗ ನಿನ್ನ ಗಂಡನ ಹೆಸರು ಹೇಳವ್ವ" ಎಂದರು. ಗಂಡನ ಹೆಸರನ್ನು ಯಾವ ಮರ್ಯಾದಸ್ಥ ಹೆಣ್ಣುಮಗಳು ಹೇಳಿಯಾಳು? ಅವಳು ಸೆರಗು ಬಾಯಿಗಿಟ್ಟು ತಲೆ ತಗ್ಗಿಸಿದಳು.

"ಅಯ್ಯೋ, ನಾಲಿಗಿ ಬಿದ್ದದ! ನಾಲಿಗಿ ಬಿದ್ದದ!" ಎಂದು ಮಾವ ಓಣಿಯೆಲ್ಲ ಕೂಗಿದರು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ನಾನೂ ಲಗ್ನ ಆದಾಗಿಂದ ನಿಮ್ಮ ಹೆಸರು ಹೇಳಿಲ್ಲ. ನನಗೂ ದವಾಖಾನಿ ತೋರಸ್ರಿ!" ಎಂದಾಗಲೇ ಗದ್ದಲ ನಿಂತದ್ದು.

ಇನ್ನೊಮ್ಮೆ ಕಂದಾಯದ ಮೇಲ್ವಿಚಾರಣೆಗೆ ಗಿರ್ದಾವರ ಸಾಹೇಬರು ಬಂದರು. ನಿಜಾಮರ ಸರ್ಕಾರದ ದಿನಗಳು. ಗಿರ್ದಾವರರೆಂದರೆ ಜನ ಎದ್ದು ನಿಂತು, ಅವರು ಓಣಿ ದಾಟುವವರೆಗೆ ಕೂರುತ್ತಿರಲಿಲ್ಲ. ಸಾಹೇಬರು ಚಾವಡಿಯ ಮುಂದೆ ಕುರ್ಚಿಯಲ್ಲಿ ಕೂತು ಏನಕ್ಕೋ ನಕ್ಕರು. ನಗು ಒಂದೇ ಕಡೆಗೆ ಹೋಯಿತು! ಮಾವ ಜನರನ್ನು ಸೀಳಿಕೊಂಡು ನುಗ್ಗಿ, "ಸಾಬ್, ಲಕ್ವ! ದೋನೋ ಹಾತ್ ಉಪ್ಪರ್!" ಎಂದರು. ಸಾಹೇಬರು ಹೆದರಿ ಎರಡೂ ಕೈ ಮೇಲೆತ್ತಿಯೇಬಿಟ್ಟರು. ಬಾಯಲ್ಲಿದ್ದ ದೊಡ್ಡ ಎಲೆಅಡಿಕೆಯ ಮುದ್ದೆ ಆಗ ಎಡದವಡೆಯಿಂದ ಬಲದವಡೆಗೆ ಹೊರಳಿತು. ನಗು ಈಗ ಇನ್ನೊಂದು ಕಡೆಗೆ ಹೋಯಿತು!

ಪುಣ್ಯಕ್ಕೆ ಸಾಹೇಬರು ರಸಿಕರು, ಹೊಟ್ಟೆ ಹಿಡಿದು ನಕ್ಕು ಬಿಟ್ಟುಬಿಟ್ಟರು. ಆದರೆ ದೂರದಿಂದ ನೋಡಿದವರಿಗೆ ಕಂಡದ್ದು ಎತ್ತಿದ ಕೈಗಳು ಮಾತ್ರ. ಸಂಜೆಯ ಹೊತ್ತಿಗೆ ಸುದ್ದಿ ಹತ್ತಿಕುಣಿಯನ್ನೂ ಮುಟ್ಟಿತ್ತು: "ಶಹಾಪುರದಾಗ ಸರ್ಕಾರ ಕೈ ಎತ್ತೇದಂತ!"

ಹಾಗೆಂದು ಮಾವ ಬರೀ ನಗೆಪಾಟಲಲ್ಲ. ಒಂದು ಸಂತೆಯ ದಿನ ಅಂಗಡಿಯ ಮುಂದೆಯೇ ಒಬ್ಬ ಹೆಣ್ಣುಮಗಳು ಬಿದ್ದು ಕೈಕಾಲು ಸೆಟೆದು ಅದುರತೊಡಗಿದಳು. ಒಬ್ಬ ಬೀಗದ ಕೈ ಹಿಡಿಸಲು ಬಂದ, ಒಬ್ಬಳು ಉಳ್ಳಾಗಡ್ಡಿ ತಂದಳು, ಒಬ್ಬ ದೊಡ್ಡ ಮನುಷ್ಯ ಕಾಲಿನ ಜೋಡು ಬಿಚ್ಚಿ ಅವಳ ಮೂಗಿಗೆ ಹಿಡಿದ. "ಗಾಳಿ ಸೋಕ್ಯಾದ" ಎಂದು ಅವಳ ಅತ್ತೆಯ ಅಳು ಬೇರೆ. ಮಾವ ಎಲ್ಲರನ್ನೂ ದಬ್ಬಿ, ತಲೆಯ ಕೆಳಗೆ ಕಂಬಳಿ ಇಟ್ಟು, ಅದುರುವುದು ನಿಂತೊಡನೆ ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿದರು. "ಬಾಯಾಗ ಏನೂ ತುರುಕಬ್ಯಾಡ್ರಿ. ಇದು ಗಾಳಿಯಲ್ಲ, ದೆವ್ವಲ್ಲ, ಜಡ್ಡು ಅದ. ಗಳಿಗಿ ತಡೀರಿ, ತಾನ ಏಳ್ತಾಳ." ಜೋಡಿನವನು ಒಪ್ಪಲಿಲ್ಲ. ಮಾವ ಆ ಜೋಡು ಕಸಿದು ಅವನದೇ ಮೂಗಿಗೆ ಹಿಡಿದರು. "ಹೇಳು, ಎಚ್ಚರ ಆಗ್ತದೊ, ಇದ್ದದ್ದೂ ತಪ್ತದೊ?"

ಆಕೆ ಎದ್ದು ಕೂತಳು. ಜೋಡಿನವನು ಮಾತ್ರ ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದ.

ನಾನು ಚೊಚ್ಚಲ ಬಾಣಂತಿಯಾಗಿ ಅಲ್ಲಿದ್ದಾಗಿನ ಒಂದು ಬೆಳಗು. ಅತ್ತೆ ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಮಾವ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ನನ್ನ ಕೂಸಿನ ಕಾಲು ಒದೆಯುವುದನ್ನು ಪರೀಕ್ಷಿಸುತ್ತಿದ್ದರು. ಇದ್ದಕ್ಕಿದ್ದಂತೆ ಬಟ್ಟಲು ಕೆಳಗಿಟ್ಟರು. "ರೊಟ್ಟಿ ಸಪ್ಪಳ ಯಾಕೊ ಬ್ಯಾರೆ ಬರ್ತದ" ಎಂದವರೇ ಒಳಗೆ ಹೋದರು. ನಾನೂ ಹಿಂದೆ ಹೋದೆ. ಅತ್ತೆಯ ಬಲಗೈ ಬಡಿಯುತ್ತಲೇ ಇತ್ತು. ರೊಟ್ಟಿ ತಿರುಗಿಸಬೇಕಾದ ಎಡಗೈ ಹಿಟ್ಟಿನಲ್ಲಿ ಸುಮ್ಮನೆ ಬಿದ್ದಿತ್ತು.

"ಒಮ್ಮೆ ನಗು" ಎಂದರು ಮಾವ, ಮೆಲ್ಲಗೆ. ಅತ್ತೆ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು.

ಊರಿಗೆಲ್ಲ ಕೇಳುವಂತೆ ರೋಗದ ಹೆಸರು ಕೂಗುತ್ತಿದ್ದ ಮನುಷ್ಯ ಆ ದಿನ ಆ ಹೆಸರನ್ನು ಬಾಯಿಗೇ ತರಲಿಲ್ಲ. ಅತ್ತೆಯ ಕೈಯ ಹಿಟ್ಟು ತೊಳೆದರು, ಮಗ್ಗುಲಾಗಿ ಮಲಗಿಸಿದರು, ನೆತ್ತಿಗೇರೀತೆಂದು ಯಾರೂ ನೀರು ಕುಡಿಸದಂತೆ ಕಾವಲು ಕೂತರು. ಪಾರಿವಾಳದ ರಕ್ತ ಹಚ್ಚಬೇಕೆಂದು ಯಾರೋ ಪಾರಿವಾಳವನ್ನೇ ತಂದರು. ಮಾವ ಅದನ್ನು ಹಾರಿಬಿಟ್ಟರು. ಯಾದಗಿರಿಯಿಂದ ಬಂದ ಡಾಕ್ಟರು ನೋಡಿ, "ಕೈಕಾಲು ಎಬ್ಬಿಸೋ ಔಷಧ ಯಾರ ಹತ್ರಾನೂ ಇಲ್ಲ. ನೋಡಿಕೊಳ್ಳೋರು ಬೇಕು, ತಾಳ್ಮೆ ಬೇಕು" ಎಂದು ಹೋದರು.

ಮಾವ ಅಂಗಡಿಯನ್ನು ತಮ್ಮನಿಗೊಪ್ಪಿಸಿದರು. ದವಾಖಾನೆಯ ಆಳುಗಳು ಮಾಡುತ್ತಿದ್ದುದನ್ನು ನೆನೆದು, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತ ಕೂರುತ್ತಿದ್ದರು. "ಏ ಹೆಬ್ಬಟ್ಟ, ಏಳೋ! ನಿನ್ನ ತಮ್ಮ ಎದ್ದಾನ, ನಿನಗೇನು ಧಾಡಿ?" ಎಂದು ಬೆರಳನ್ನೇ ಬೈಯುತ್ತಿದ್ದರು. ಅಡುಗೆಮನೆಗೆ ಇಣುಕದಿದ್ದವರು, ಬಾಣಂತಿಯಾದ ನನ್ನನ್ನು ಒಲೆಯ ಹತ್ತಿರ ಬಿಡದೆ, ತಾವೇ ರೊಟ್ಟಿ ಬಡಿದರು. ಆ ರೊಟ್ಟಿಗಳು ಯಾವ ಆಕಾರದವು? ನಿಜಾಮರ ರಾಜ್ಯದ ನಕ್ಷೆಯಾದರೂ ಅದಕ್ಕಿಂತ ದುಂಡಗಿತ್ತು!

ಅತ್ತೆಗೆ ಮಾತು ತೊದಲುತ್ತಿತ್ತು. ಒಂದು ಮಧ್ಯಾಹ್ನ ಮಾವ ಬೇಳೆಯ ಸಾರಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸುತ್ತಿದ್ದಾಗ, ಅತ್ತೆ ಕಣ್ಣು ಕೆಂಪಗೆ ಮಾಡಿ ಒಂದೊಂದೇ ಮಾತು ಜೋಡಿಸಿದರು: "ಇದಕ್ಕ... ಉಪ್ಪು... ನಿಮ್ಮಪ್ಪ ಹಾಕ್ತಾನೇನು?"

ಮಾವ ಬಟ್ಟಲು ಹಿಡಿದೇ ಹೊರಗೋಡಿ ಬಂದರು. "ಬೈದಳು! ಪೂರಾ ಬೈದಳು!" ಎನ್ನುತ್ತ ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತರು.

ಮರುವರ್ಷ ನಾನು ಮತ್ತೆ ಸುರಪುರದಿಂದ ಬಂದೆ. ಗಾಡಿ ಶಹಾಪುರದ ಬಜಾರು ಮುಟ್ಟಿದಾಗ ಮುಂದೆ ಇಬ್ಬರೂ ನಡೆದುಹೋಗುತ್ತಿದ್ದುದು ಕಂಡಿತು. ಅತ್ತೆ ಎಡಗಾಲು ಎಳೆಯುತ್ತಿದ್ದರು. ಪಕ್ಕದಲ್ಲಿ ಮಾವನೂ ಕಾಲೆಳೆಯುತ್ತಿದ್ದರು! ಕೂಸನ್ನೆತ್ತಿಕೊಂಡು ಗಾಡಿಯಿಂದ ಇಳಿದು ಓಡಿದೆ.

"ಮಾಮಾ, ನಿಮಗೂ ಏನಾತ್ರಿ ಕಾಲಿಗೆ?"

ಮಾವ ಅತ್ತೆಯ ಕಡೆ ಕಳ್ಳನೋಟ ಬೀರಿ, ನನ್ನ ಕಿವಿಯ ಹತ್ತಿರ ಬಗ್ಗಿದರು. "ಏನೂ ಆಗಿಲ್ಲವ್ವ. ಆಕಿ ಒಬ್ಬಾಕಿನ ಹಿಂಗ ನಡದ್ರ ಮಂದಿ ಆಕೀನ್ನ ನೋಡ್ತಾರ. ಇಬ್ಬರೂ ನಡದ್ರ, ಈ ಮುದುಕಗ ಇದೊಂದು ಹುಚ್ಚು ಅಂತ ನನ್ನ ನೋಡ್ತಾರ. ಆಕೀಗೆ ಹೇಳಬ್ಯಾಡ."

ಅತ್ತೆ ತಿರುಗಿ ನೋಡಿದರು. ಅರ್ಧ ಮುಖದಲ್ಲೇ ನಗುತ್ತ, ಮಾತು ಹುಡುಕಿ ಹುಡುಕಿ, "ನೋಡವ್ವ, ಎಳೀಲಿಕ್ಕೂ ನೆಟ್ಟಗ ಬರಾಂಗಿಲ್ಲ ಇವರಿಗೆ. ನಡುವ ನಡುವ ಕಾಲು ಬದಲಿ ಮಾಡ್ತಾರ" ಎಂದರು.

ಮಾವ ನಿಂತು ತಮ್ಮ ಎರಡೂ ಕಾಲು ನೋಡಿಕೊಂಡರು. ಅತ್ತೆ ಮೆಲ್ಲಗೆ ಬಲಗೈ ಚಾಚಿ ಅವರ ಅಂಗಿಯ ತೋಳು ಹಿಡಿದುಕೊಂಡರು. "ನಡೀರಿ. ಎಡಗಾಲು ಮೊದಲು" ಎಂದರು.