ವೈರಸ್ಸಿನ ವಂಶಾವಳಿ ಹುಡುಕಿದ ದಿನಗಳು

ಗಂಭೀರವಾದ ವಿಷಯವನ್ನು ಜನರಿಗೆ ಬಿಡಿಸಿ ಹೇಳುವ ಕೆಲಸಕ್ಕೆ ಸೇರಿದರೆ, ನಗು ಬೇಡವೆಂದರೂ ಹಿಂದೆಯೇ ಬರುತ್ತದೆ. ಎರಡು ಸಾವಿರದ ಐದಾರರ ಸುಮಾರಿಗೆ ನಾನು ಕುವೆಂಪುನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಎಚ್‌ಐವಿ ಇದ್ದವರ ರಕ್ತದಲ್ಲಿನ ವೈರಸ್ಸಿನ ವಂಶವಾಹಿ ಓದಿ, ಸೋಂಕು ಊರಲ್ಲಿ ಹೇಗೆ ಹರಡುತ್ತಿದೆ ಎಂದು ತಿಳಿಯುವ ಅಧ್ಯಯನ ಆಗಷ್ಟೇ ಶುರುವಾಗಿತ್ತು.

ಐಸ್ ಡಬ್ಬ

ರಕ್ತದ ಟ್ಯೂಬುಗಳನ್ನು ಐಸ್ ಡಬ್ಬದಲ್ಲಿಟ್ಟು ಮೊಪೆಡ್ಡಿನಲ್ಲಿ ಲ್ಯಾಬಿಗೆ ಒಯ್ಯುತ್ತಿದ್ದೆ. ಶ್ರೀರಾಂಪುರದ ಸರ್ಕಲ್ಲಿನಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದರು.

"ಕುಲ್ಫಿ ಐತಾ ಕಣಮ್ಮ?"

"ಇಲ್ಲ ಅಜ್ಜಿ, ಇದು ರಕ್ತ."

ಅಜ್ಜಿ ಡಬ್ಬವನ್ನೂ ನನ್ನನ್ನೂ ನೋಡಿ ಮರುಗಿದರು. "ಅದನ್ನ ಯಾರವ್ವ ತಗೋತಾರೆ? ಬೇರೆ ಯಾಪಾರ ನೋಡ್ಕೊ."

ನಾಲ್ಕೇ ಅಕ್ಷರ

ಆಫೀಸಿನ ಕೆಲಸದಲ್ಲಿದ್ದ ರೋಗಿಯೊಬ್ಬರು ಅಧ್ಯಯನದ ಒಪ್ಪಿಗೆ ಪತ್ರ ಹಿಡಿದು ಅರ್ಧ ಗಂಟೆಯಿಂದ ಕೂತಿದ್ದರು. ಕೊನೆಗೆ ಪಿಸುಗುಟ್ಟಿದರು. "ಇದರಲ್ಲಿ ಯಾರ ಹೆಸರಾದರೂ ಆಚೆ ಬರುತ್ತಾ ಸಿಸ್ಟರ್?"

"ಇಲ್ಲ ಸಾರ್. ವೈರಸ್ಸಿನ ವಂಶವಾಹಿ ಬರಹದಲ್ಲಿ ಇರೋದೇ ನಾಲ್ಕಕ್ಷರ. ಅದು ಬಿಟ್ಟು ಇನ್ನೇನೂ ಕಾಣಲ್ಲ."

ಅವರ ಮುಖ ಬಿಳಿಚಿಕೊಂಡಿತು. "ಅವಳ ಹೆಸರೂ ನಾಲ್ಕೇ ಅಕ್ಷರ ಕಣ್ರೀ."

ಸಂಬಂಧ ಕೂಡಿಬಂತು

ಔಷಧಿಗೆಂದು ಬರುತ್ತಿದ್ದ ಒಬ್ಬ ವಿಧವೆಗೂ ಒಬ್ಬ ಮೆಕ್ಯಾನಿಕ್ಕಿಗೂ ನಮ್ಮ ಬೆಂಚಿನ ಮೇಲೆಯೇ ಪರಿಚಯವಾಗಿ, ಮದುವೆಯ ಮಾತಾಯಿತು. ಬದುಕು ಮುಗಿಯಿತೆಂದು ಅತ್ತಿದ್ದವರು ಅವರಿಬ್ಬರೂ, ನಮಗೆಲ್ಲ ಹಿಗ್ಗು. ಮಾತುಕತೆಗೆಂದು ಕ್ಲಿನಿಕ್ಕಿಗೆ ಬಂದಿದ್ದ ಹುಡುಗನ ತಾಯಿ ಮಾತ್ರ ಗೋಡೆಯ ಮೇಲಿನ ಚಾರ್ಟನ್ನೇ ನೋಡುತ್ತಿದ್ದರು. ವೈರಸ್ಸುಗಳ ನೆಂಟಸ್ತಿಕೆ ತೋರಿಸುವ, ಬರೀ ನಂಬರುಗಳಿದ್ದ ಕೊಂಬೆ ಕೊಂಬೆಯ ಚಿತ್ರ ಅದು.

"ಇದೇನು ಸ್ವಾಮಿ?" ಎಂದು ಡಾಕ್ಟರನ್ನು ಕೇಳಿದರು.

"ವೈರಸ್ಸಿನ ವಂಶಾವಳಿ ಅಮ್ಮ. ನಮ್ಮ ಕಡೆಯವೆಲ್ಲ ಹೆಚ್ಚುಕಮ್ಮಿ ಒಂದೇ ವಂಶ."

ತಾಯಿ ಕುರ್ಚಿಯಲ್ಲಿ ಕುಸಿದರು. "ಒಂದೇ ವಂಶವಾ? ಹಂಗಾದ್ರೆ ಸಗೋತ್ರ ಆಗೋಯ್ತಲ್ಲ. ಮದುವೆ ಎಂಗೆ ಮಾಡೋದು?"

ಡಾಕ್ಟರು ನಗು ನುಂಗಿಕೊಂಡರು. "ಗೋತ್ರ ಒಂದಾಗಿರೋದು ವೈರಸ್ಸಿಂದು ಕಣಮ್ಮ, ಮಕ್ಕಳದ್ದಲ್ಲ. ಇಬ್ಬರೂ ಮಾತ್ರೆ ತಪ್ಪಿಸದೆ ನುಂಗಿದರೆ ಅವು ತೆಪ್ಪಗೆ ಬಿದ್ದಿರ್ತವೆ."

ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. "ಸರಿ ಬುಡಿ. ಮದುವೆ ದಿನ ಎರಡು ಮಾತ್ರೆ ಜಾಸ್ತೀನೇ ಕೊಡಿ. ಅವೂ ಎದ್ದು ಬಂದು ಊಟಕ್ಕೆ ಕೂತ್ರೆ ಎಲೆ ಸಾಲಕ್ಕಿಲ್ಲ."